ತಾಯಿಬೆಕ್ಕು ಬಿಟ್ಟುಹೋದ ಮರಿ

ಪೂಜ್ಯ ವೇದವಲ್ಲಿ ಅಮ್ಮನವರ ದರ್ಶನಕ್ಕೆಂದು ದೂರದಿಂದ ಬಂದವರು, ಅಮ್ಮನವರು ಎಲ್ಲಿದ್ದಾರೆಂದು ಅಮ್ಮನವರನ್ನೇ ಕೇಳುತ್ತಿದ್ದುದುಂಟು. ತಪ್ಪು ಬಂದವರದಲ್ಲ. ನಾರಣಕೊಳವೆಂಬ ಊರಿನ ಕಲ್ಯಾಣಿಯ ಮಗ್ಗುಲಲ್ಲಿ, ಒಂದು ಮೂಲೆ ಕುಸಿದ ಕಲ್ಲುಮಂಟಪದಲ್ಲಿ, ಬಣ್ಣಗೆಟ್ಟ ಸೀರೆಯುಟ್ಟು ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತ ವೃದ್ಧೆಯನ್ನು ಯಾರು ತಾನೇ ಮಹಾತಾಯಿಯೆಂದು ಗುರುತಿಸಿಯಾರು? ಅಮ್ಮನವರೋ, "ಕೂತ್ಕೊಳ್ಳಿ, ಸಿಗ್ತಾರೆ" ಎಂದು ಮಂದಹಾಸ ಬೀರಿ, ಬಂದವರ ಕೈಗೂ ಒಂದು ಹಿಡಿ ಹತ್ತಿ ಕೊಟ್ಟುಬಿಡುತ್ತಿದ್ದರು!

ಅಮ್ಮನವರು ತೀರ್ಥ ಪ್ರೋಕ್ಷಿಸಿದರು, ರೋಗ ಓಡಿಹೋಯಿತು ಎಂಬಂಥ ಕಥೆ ಬೇಕಾದವರು ದಯಮಾಡಿ ಬೇರೆ ಕಡೆ ವಿಚಾರಿಸಿಕೊಳ್ಳಬೇಕು. ಅಂಥವನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ, ನನಗೆ ಆ ಚಪಲವಿಲ್ಲ. ಅದೇ ಊರಿನ ಪ್ರವಚನಕಾರರಾದ ಸಂಪತ್ಕುಮಾರಾಚಾರ್ಯರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ತಾವೇ ನನಗೆ ಹೇಳಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆಚಾರ್ಯರ ಪ್ರವಚನವೆಂದರೆ ಆ ಸೀಮೆಯ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಅದರಲ್ಲೂ ಶರಣಾಗತಿಯ ವಿಷಯ ಬಂತೆಂದರೆ ಮುಗಿಯಿತು. "ಕೋತಿಮರಿ ತಾನಾಗಿ ತಾಯಿಯ ಹೊಟ್ಟೆ ಅವುಚಿಕೊಳ್ಳಬೇಕು. ಕೈ ಸಡಿಲವಾಯಿತೋ, ಬಿತ್ತು! ಬೆಕ್ಕಿನ ಮರಿಗೆ ಆ ಚಿಂತೆಯಿಲ್ಲ. ಅದು ಮ್ಯಾವ್ ಅಂದರೆ ಸಾಕು, ತಾಯಿ ಬಂದು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ನಮ್ಮ ನಾರಾಯಣನೂ ಹಾಗೇ, ತಾನಾಗಿ ಬರುತ್ತಾನೆ" ಎಂದು ಅವರು ಬೆಕ್ಕಿನ ಹಾಗೆ ಕತ್ತು ಬಗ್ಗಿಸಿ ತೋರಿಸಿದರೆ ಮಕ್ಕಳು ನಗುತ್ತಿದ್ದರು, ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿರಿಯರು ಹೇಳಿಕೊಂಡು ಬಂದ ಮಾತು ಅದು. ಆಚಾರ್ಯರು ಅದನ್ನು ಪ್ರಾಣಕ್ಕಿಂತ ಹೆಚ್ಚಾಗಿ ನಂಬಿದ್ದರು.

ಹೀಗಿರಲು ಅವರ ಧರ್ಮಪತ್ನಿ ಕನಕವಲ್ಲಿಯಮ್ಮ ಹಾಸಿಗೆ ಹಿಡಿದರು. ಮಕ್ಕಳಿಲ್ಲದ ಮನೆ. ಆಚಾರ್ಯರೇ ಗಂಜಿ ಕುಡಿಸಿದರು, ಮಗ್ಗುಲು ಹೊರಳಿಸಿದರು, ಬಟ್ಟೆ ಒಗೆದರು. ಹಗಲಿರುಳು ನಾರಾಯಣನನ್ನು ಕೂಗಿ ಕೂಗಿ ಅವರ ಗಂಟಲು ಕಟ್ಟಿತು. ಆಕೆ ಉಳಿಯಲಿಲ್ಲ.

ಆಮೇಲೆ ಆಚಾರ್ಯರು ಪ್ರವಚನಕ್ಕೆ ಕೂರಲಿಲ್ಲ. ಒಲೆ ಹಚ್ಚಲಿಲ್ಲ. ದೇವಸ್ಥಾನದಲ್ಲಿ ಸಿಕ್ಕ ಪ್ರಸಾದ ತಿಂದು, ಯಾರ ಮುಖವನ್ನೂ ನೋಡದೆ ಮನೆ ಸೇರುವರು. ಬೀಗ ತೆಗೆಯುವಾಗ "ಬಂದೆ ಕಣೇ" ಎಂದು ಬಾಯಿತಪ್ಪಿ ಅಂದುಬಿಟ್ಟು, ಅಂದದ್ದಕ್ಕೆ ತಮ್ಮ ಮೇಲೆ ತಾವೇ ಸಿಡುಕಿಕೊಳ್ಳುತ್ತಿದ್ದರಂತೆ. ಒಳಗೆ ಯಾರಿದ್ದರು, ಓಗೊಡಲು? ಅಂಥ ಒಂಟಿತನ ಶತ್ರುವಿಗೂ ಬೇಡ.

ಆ ಮನೆಯ ಹಿತ್ತಲ ಸೌದೆಕೋಣೆಗೆ ಒಂದು ಬೆಕ್ಕು ತನ್ನ ಮರಿಗಳನ್ನು ತಂದಿಟ್ಟುಕೊಂಡಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮಲ್ಲಿ ಮಾತಿದೆಯಲ್ಲ, ಅದರಂತೆ ಒಂದು ಬೆಳಿಗ್ಗೆ ಮತ್ತೆ ಜಾಗ ಬದಲಿಸಿತು. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಗೋಡೆ ಹಾರಿತು. ಕೊನೆಯದೊಂದು ಸೌದೆಯ ಸಂದಿಯಲ್ಲೇ ಉಳಿಯಿತು. ಕೀವಿನಿಂದ ಕಣ್ಣು ಅಂಟಿಹೋಗಿತ್ತು, ಮೂಗು ಸೋರುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಅಂಗೈಯಗಲದ ಪ್ರಾಣಿ.

ಆಚಾರ್ಯರು ಕೈ ಚಾಚಿದ್ದನ್ನು ಕಂಡು, ಪಕ್ಕದ ಮನೆಯಲ್ಲಿ ಆಡು ಸಾಕಿಕೊಂಡಿದ್ದ ಚೆಲುವಮ್ಮ ಗೋಡೆಯಾಚೆಯಿಂದಲೇ ಕೂಗಿದಳು.

"ಮುಟ್ಟಬ್ಯಾಡಿ ಅಯ್ನೋರೆ! ಮನುಷ್ಯರ ವಾಸನೆ ಬಡಿದ್ರೆ ತಾಯಿ ಸೇರ್ಸಾಕಿಲ್ಲ."

ಚೆಲುವಮ್ಮ ಹೇಳಿದ್ದು ಲೋಕದ ಮಾತು. ಆಚಾರ್ಯರು ಆ ಮಾತನ್ನು ಹಿಡಿದುಕೊಂಡು ಹೋದದ್ದು ಮಾತ್ರ ಬೇರೆ ಕಡೆಗೆ. ಇಂಥ ತಪ್ಪನ್ನು ಮಹಾಪಂಡಿತರಲ್ಲದೆ ಇನ್ನಾರೂ ಮಾಡಲಾರರು. ಅವರು ಹಿತ್ತಲ ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಸರಿ ನಾರಾಯಣ, ಇವತ್ತು ತೀರ್ಮಾನವಾಗಿಹೋಗಲಿ. ಇದರ ತಾಯಿ ಬಂದರೆ ನೀನಿದ್ದೀಯ. ಬರದಿದ್ದರೆ ನೀನೂ ಇಲ್ಲ, ನಾನು ಆಡಿದ್ದೆಲ್ಲ ಬೊಗಳೆ" ಎಂದು ಮನಸ್ಸಿನಲ್ಲೇ ಪಣ ಕಟ್ಟಿದರು. ಮರಿ ಕೂಗುತ್ತಿತ್ತು. ಅವರು ನೋಡುತ್ತಿದ್ದರು. ಬಿಸಿಲೇರಿದಂತೆ ಕೂಗು ಸಣ್ಣದಾಯಿತು. ಕೊನೆಗೆ ಬಾಯಿ ತೆರೆಯುವುದಷ್ಟೇ ಕಾಣುತ್ತಿತ್ತು, ದನಿ ಇರಲಿಲ್ಲ.

ಮಧ್ಯಾಹ್ನಕ್ಕೆ ತಾಯಿಬೆಕ್ಕು ಬಂದೇಬಂತು. ಆಚಾರ್ಯರು ಹೊಸ್ತಿಲ ಮೇಲೆ ಮುಂದಕ್ಕೆ ಬಾಗಿದರು. ಅದು ಮರಿಯನ್ನು ಮೂಸಿತು. ಒಮ್ಮೆ ಸುತ್ತು ಬಂತು. ಮತ್ತೆ ಮೂಸಿ, ಬಂದ ದಾರಿಯಲ್ಲೇ ಗೋಡೆ ಹಾರಿ ಹೊರಟುಹೋಯಿತು.

ಆಚಾರ್ಯರಿಗೆ ತಲೆ ಕೆಟ್ಟಂತಾಯಿತು. ಮರಿಯನ್ನು ಉತ್ತರೀಯದಲ್ಲಿ ಸುತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಕಲ್ಯಾಣಿಯ ಮಂಟಪಕ್ಕೆ ನಡೆದರು. ಭಕ್ತರು ನಾಲ್ಕಾರು ಜನ ಕುಳಿತಿದ್ದರು. ಆಚಾರ್ಯರು ನಮಸ್ಕಾರವನ್ನೂ ಮಾಡದೆ ಗಂಟನ್ನು ಅಮ್ಮನವರ ಮುಂದೆ ಬಿಚ್ಚಿಟ್ಟರು.

"ಇದಕ್ಕೇನಂತೀರಿ ಅಮ್ಮ? ತಾಯಿ ಬಂದ್ಲು, ಮೂಸಿ ನೋಡಿದ್ಲು, ಬಿಟ್ಟು ಹೋದ್ಲು. ನಮ್ಮವಳನ್ನೂ ನಿಮ್ಮ ನಾರಾಯಣ ಹೀಗೇ ಬಿಟ್ಟುಹೋದ. ಊರೂರಿಗೆ ಹೋಗಿ ಸುಳ್ಳು ಹೇಳ್ಕೊಂಡು ಬಂದೆನಲ್ಲ ನಾನು!"

ಕುಳಿತವರು "ಶಾಂತಂ ಪಾಪಂ" ಎಂದು ಕಿವಿ ಮುಚ್ಚಿಕೊಂಡರು. ಅಮ್ಮನವರು ಮಾತ್ರ ಸಿಟ್ಟಾಗಲಿಲ್ಲ, ಶಾಸ್ತ್ರವನ್ನೂ ಎತ್ತಲಿಲ್ಲ. ಮರಿಯ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ನೋಡಿದರು.

"ತಣ್ಣಗಾಗಿದೆಯಲ್ಲಪ್ಪ. ಯಾವಾಗಿಂದ ಹೀಗಿದೆ?"

"ಬೆಳಗಿನಿಂದ."

"ನೀನೇನು ಮಾಡ್ತಿದ್ದೆ?"

"ತಾಯಿ ಬರ್ತಾಳೇನೋ ಅಂತ ಕಾಯ್ತಿದ್ದೆ."

ಅಮ್ಮನವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟು ಎದ್ದರು. ಸ್ನಾನಕ್ಕೂ ದೇವರ ಸನ್ನಿಧಿಗೂ ಹೊರತು ಆ ಮಂಟಪ ಬಿಟ್ಟು ಕದಲದಿದ್ದ ಮಹಾನುಭಾವರು ಅವರು. "ಮನೆಗೆ ನಡಿ" ಎಂದಷ್ಟೇ ಹೇಳಿ, ಹತ್ತಿಯ ಬುಟ್ಟಿ ಕಂಕುಳಿಗೆ ಸೇರಿಸಿ, ಆಚಾರ್ಯರ ಹಿಂದೆ ನಡೆದೇಬಿಟ್ಟರು. ನೋಡುತ್ತಿದ್ದವರು ಬೆಕ್ಕಸಬೆರಗಾದರು.

ಮನೆಯೊಳಗೆ ಧೂಳು ಕೂತಿತ್ತು. ಒಲೆಯ ಮೇಲೆ ಜೇಡ ಬಲೆ ಕಟ್ಟಿತ್ತು. ಅಮ್ಮನವರು ಕಂಬಕ್ಕೊರಗಿ ಕುಳಿತು, "ಒಲೆ ಹಚ್ಚಪ್ಪ" ಎಂದರು. ಬೆಂಕಿಪೊಟ್ಟಣ ಎಲ್ಲಿದೆಯೆಂದು ಆಚಾರ್ಯರಿಗೇ ಮರೆತುಹೋಗಿತ್ತು. ಹುಡುಕಿ, ಹಚ್ಚಿ, ನೀರು ಕಾಯಿಸಿದರು. ಮೆತ್ತನೆಯ ಬಟ್ಟೆಗಾಗಿ ತಡಕಿದಾಗ ಸಿಕ್ಕಿದ್ದು ಪೆಟ್ಟಿಗೆಯಲ್ಲಿದ್ದ ಕನಕವಲ್ಲಿಯಮ್ಮನವರ ಹಳೆಯ ನೂಲಿನ ಸೀರೆ. ಅದನ್ನು ಹರಿಯಲು ಕೈಬರಲಿಲ್ಲ. ಇಡೀ ಸೀರೆಯನ್ನೇ ಸುರುಳಿ ಸುತ್ತಿ, ನಡುವೆ ಮರಿಯನ್ನಿಟ್ಟರು.

"ನೀವೊಂದು ಸಲ ಕೈಯಿಡಿ ಅಮ್ಮ. ನಿಮ್ಮ ಕೈಯಲ್ಲಿ ಶಕ್ತಿಯಿದೆ ಅಂತಾರೆ ಜನ."

"ನಿನ್ನ ಕೈ ಬೆಚ್ಚಗಿದೆ. ಅಷ್ಟು ಸಾಕು ಅದಕ್ಕೆ" ಎಂದು ಅಮ್ಮನವರು ಬತ್ತಿ ಹೊಸೆಯತೊಡಗಿದರು.

ಆಚಾರ್ಯರೇ ಮರಿಯ ಕಣ್ಣಿನ ಕೀವನ್ನು ಬಿಸಿನೀರಿನಲ್ಲಿ ತೊಯ್ಸಿ ತೊಯ್ಸಿ ತೆಗೆದರು. ತಾಯಿಬೆಕ್ಕು ನೆಕ್ಕುವ ಹಾಗೆ ಹಿಂಬದಿಯನ್ನು ಒದ್ದೆಬಟ್ಟೆಯಿಂದ ಒರೆಸಿದರು. ಚೆಲುವಮ್ಮ ಆಡಿನ ಹಾಲು ತಂದುಕೊಟ್ಟಳು. ಅದಕ್ಕೆ ನೀರು ಬೆರೆಸಿ, ಅಮ್ಮನವರು ಚಾಚಿದ ಒಂದು ಬತ್ತಿಯನ್ನು ಅದ್ದಿ, ಮರಿಯ ಬಾಯಿಗೆ ಹನಿಸಿದರು. ಮೊದಲ ಹನಿ ಕಟವಾಯಿಯಿಂದ ಇಳಿದುಹೋಯಿತು. ಎರಡನೆಯದೂ ಅಷ್ಟೆ. ಆಮೇಲೆ ಅಕ್ಕಿಕಾಳಿನಷ್ಟು ನಾಲಗೆ ಹೊರಗೆ ಬಂತು.

ಅದನ್ನು ಕಂಡದ್ದೇ ತಡ, ಆಚಾರ್ಯರು ಬತ್ತಿ ಕೆಳಗಿಟ್ಟರು. "ಅವಳಿಗೂ ಕೊನೇಲಿ ಹೀಗೇ ಹತ್ತಿ ಅದ್ದಿ ಹನಿಸ್ತಿದ್ದೆ ಅಮ್ಮ. ನುಂಗೋಕಾಗ್ತಿರಲಿಲ್ಲ. ಆಗಲೂ ಅವನು ಬರಲಿಲ್ಲ."

"ಹನಿಸಿದ ಕೈ ಯಾರದು?" ಅಮ್ಮನವರು ಕೇಳಿದರು.

"ನನ್ನದು. ಇನ್ಯಾರದು? ಇನ್ಯಾರಿದ್ದರು ಅಲ್ಲಿ?" ಆಚಾರ್ಯರಿಗೆ ರೇಗಿತು.

"ಹ್ಞೂಂ" ಎಂದು ಅಮ್ಮನವರು ಇನ್ನೊಂದು ಬತ್ತಿ ಚಾಚಿದರು.

ಮುಂದಿನ ದಿನಗಳಲ್ಲಿ ಆ ಮನೆಯ ಒಲೆ ಆರಲಿಲ್ಲ. ಆಚಾರ್ಯರು ಮರಿಯನ್ನು ಎದೆಗವಚಿಕೊಂಡೇ ಸಂಧ್ಯಾವಂದನೆ ಮಾಡಿದ್ದೂ ಉಂಟು. ಮಡಿಯ ಮಾತೆತ್ತಿದವರನ್ನು ಬಾಗಿಲಿನಿಂದಲೇ ಸಾಗಹಾಕಿದರು. ಚೆಲುವಮ್ಮ, "ಬೆಕ್ಕಿಗೆ ಮಾಡೋ ಆರೈಕೇಲಿ ಒಂಚೂರು ನಿಮಗೂ ಮಾಡ್ಕಳಿ ಅಯ್ನೋರೆ, ಕಡ್ಡಿ ಆಗೋಗಿದ್ದೀರಿ" ಎಂದು ಗದರಿದ ಮೇಲೆ ಅದೇ ಒಲೆಯ ಮೇಲೆ ತಮಗೂ ಒಂದಿಷ್ಟು ಅನ್ನ ಬೇಯಿಸಿಕೊಂಡರು. ಅಮ್ಮನವರು ದಿನವೂ ಹೊತ್ತಿಳಿಯುವಾಗ ಬಂದು ಕಂಬಕ್ಕೊರಗಿ ಕುಳಿತು ಹೋಗುವರು. ಮರಿ ಒಂದು ಕಣ್ಣು ಬಿಟ್ಟಿತು. ಒಮ್ಮೆ ಆಚಾರ್ಯರ ಬೆರಳನ್ನು ಮೊಲೆಯೆಂದು ಬಗೆದು ಚೀಪಿತು. ಅಂದು ಆಚಾರ್ಯರು ಗೋಡೆಯ ಬಳಿ ಓಡಿಹೋಗಿ, "ಚೆಲುವಮ್ಮಾ, ಚೀಪ್ತು ಕಣೇ, ಚೀಪ್ತು!" ಎಂದು ಕೂಗಿದರು. ಆ ಮನೆಯಿಂದ ಅಷ್ಟು ಗಟ್ಟಿ ದನಿ ಕೇಳಿ ಬಹಳ ಕಾಲವಾಗಿತ್ತು.

ಆದರೆ ರೋಗ ಒಳಗೆ ಇಳಿದುಬಿಟ್ಟಿತ್ತು. ಒಂದು ಬೆಳಿಗ್ಗೆ ಮರಿ ಹಾಲು ಮುಟ್ಟಲಿಲ್ಲ. ಆಚಾರ್ಯರು ಅಂಗಳದ ಎಳೆಬಿಸಿಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಬೆನ್ನು ಸವರಿದರೆ ಅದು ಗುರ್ ಎಂದು ಸಣ್ಣಗೆ ಸದ್ದು ಮಾಡುತ್ತಿತ್ತು. ಸವರುತ್ತಲೇ ಇದ್ದರು. ಸದ್ದು ನಿಂತಿತು. ನಿಂತ ಮೇಲೂ ಬಹಳ ಹೊತ್ತು ಸವರುತ್ತಲೇ ಇದ್ದರು.

ಅಮ್ಮನವರು ಬಂದಾಗ ಆಚಾರ್ಯರು ಹಾಗೆಯೇ ಕುಳಿತಿದ್ದರು. "ಹೋಯ್ತು ಅಮ್ಮ" ಎಂದರು. ಈ ಸಲ ದನಿಯಲ್ಲಿ ಜಗಳವಿರಲಿಲ್ಲ. ಚಿಕ್ಕ ಮಕ್ಕಳು ಕೇಳುವಂತೆ ಕೇಳಿದರು.

"ಇದು ಒಂಟಿಯಾಗಿ ಹೋಗಲಿಲ್ಲ. ನನ್ನ ಕೈ ಮೇಲಿತ್ತು. ಅವಳೂ... ಅವಳೂ ಒಂಟಿಯಾಗಿ ಹೋಗಲಿಲ್ಲ, ಅಲ್ವಾ ಅಮ್ಮ?"

ಅಮ್ಮನವರು ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಆ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು.

"ಅವನು ಬರಬೇಕಂದ್ರೆ ಬೇರೆ ಯಾವ ಕೈಯಲ್ಲಿ ಬರ್ತಾನಪ್ಪ?"

ಆಚಾರ್ಯರು ಗೊಳೋ ಎಂದು ಅತ್ತರು. ಪತ್ನಿ ತೀರಿಕೊಂಡ ದಿನವೂ ಅಳದ ಮನುಷ್ಯ ಅಂದು ಅತ್ತರು. ಗೋಡೆಯಾಚೆ ಚೆಲುವಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಅಮ್ಮನವರು ಅಳು ಮುಗಿಯುವ ತನಕ ಕೈ ಬಿಡದೆ ಕುಳಿತಿದ್ದರು.

ಆಚಾರ್ಯರ ಒಂಟಿತನ ಅಂದಿಗೆ ತೀರಿತೆಂದು ಬರೆದರೆ ಅಮ್ಮನವರೇ ನನ್ನನ್ನು ಮೆಚ್ಚುವುದಿಲ್ಲ. ಮನೆ ಖಾಲಿಯಾಗಿಯೇ ಇತ್ತು. ನಾನು ಹೋದಾಗಲೂ ಖಾಲಿಯಾಗಿಯೇ ಇತ್ತು, ಅವರ ಕೂದಲು ಪೂರ್ತಿ ನರೆತಿತ್ತು. ಪ್ರವಚನ ಮತ್ತೆ ಶುರುವಾಯಿತೇ ಎಂದು ಕೇಳಿದೆ. "ಆಗೊಮ್ಮೆ ಈಗೊಮ್ಮೆ. ಪುರುಸೊತ್ತಾಗಲ್ಲ" ಎಂದರು. ಅಷ್ಟರಲ್ಲಿ ಬೀದಿಯ ಕೊನೆಯ ಮನೆಯಿಂದ ಯಾರೋ, "ಅಯ್ನೋರೆ, ತಾತ ಗಂಜಿ ನುಂಗ್ತಾ ಇಲ್ಲ" ಎಂದು ಕೂಗಿದರು. ಆಚಾರ್ಯರು ನನ್ನೊಡನೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಮೊದಲೆಲ್ಲ ಬಾ ಬಾ ಅಂತ ಅವನನ್ನ ಕರೀತಿದ್ದೆ. ಈಗ ಕರೆದ ಕಡೆಗೆ ನಾನೇ ಹೋಗ್ತೀನಿ" ಎಂದು, ಉತ್ತರೀಯ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದರು.