ಮೋನಾಚಾರಿ ಹಳೇ ತುಂಡಿನ ಮೇಲೆ ನೋಡಿದ್ದು

ಬನ್ರೇ, ಹತ್ರ ಬನ್ನಿ. ಹೂಂ ಅನ್ನೋರು ಮುಂದೆ, ತೂಕಡಿಸೋರು ಹಿಂದೆ. ಸುಳ್ಳಿದ್ದರೆ ನನ್ನ ಬಾಯಿಗಿರಲಿ, ನಿಜ ಇದ್ದರೆ ಕೆರೆಕೋಡಿ ಬೀದಿಯವರಿಗಿರಲಿ.

ಆ ಬೀದೀಲಿ ಪುಟ್ಟಕಾಳಮ್ಮ ಅಂತ ಒಬ್ಬ ಆಚಾರ್ರ ಹೆಂಗಸು. ಗಂಡ ಇಲ್ಲ. ಇದ್ದೊಬ್ಬ ಮಗ ಮೋನಾಚಾರಿ. ಆಳು ನೋಡಿದರೆ ತೇಗದ ಕಂಬ, ತಲೆ ಒಳಗೆ ನೋಡಿದರೆ ಬೂರುಗದ ಹತ್ತಿ. "ಬಾಗಿಲು ನೋಡ್ಕೊಳೋ" ಅಂತ ತಾಯಿ ಸಂತೆಗೆ ಹೋದರೆ, ಬಾಗಿಲನ್ನೇ ನೋಡ್ತಾ ಕೂತಿದ್ದ. ಹಿಂದಿನ ಕಿಟಕೀಲಿ ಕೋತಿ ನುಗ್ಗಿ ಬಾಳೆಗೊನೆ ಮುಗಿಸಿ ಹೋಯ್ತು.

"ನಿನ್ನ ಬದಲು ಒಂದು ಒರಳುಕಲ್ಲು ಹೆತ್ತಿದ್ದರೆ ಚಟ್ನಿ ರುಬ್ಬೋಕಾದ್ರೂ ಆಗ್ತಿತ್ತಲ್ಲೋ!" ಅಂತ ತಲೆ ಚಚ್ಚಿಕೊಂಡಳು.

"ಈಗ ರುಬ್ಬಲಾ ಅಮ್ಮ?" ಅಂದ.

ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ? ಪುಟ್ಟಕಾಳಮ್ಮಂಗೆ ಇದ್ದದ್ದು ಒಂದೇ ಆಸೆ, ತಮ್ಮ ವೀರಾಚಾರಿ ಮಗಳು ನಾಗವೇಣಿನ ಸೊಸೆ ಮಾಡ್ಕೋಬೇಕು ಅಂತ. ವೀರಾಚಾರಿ ಕಾರ್ಖಾನೆ ಕೆಲಸದಿಂದ ರಿಟೈರಾಗಿ, ಸುಮ್ಮನೆ ಕೂರಲಾರದೆ, ಶೆಡ್ಡಿನಲ್ಲಿ ತಾನೇ ಒಂದು ಸಿಎನ್‌ಸಿ ಮಿಷನ್ನು ಕಟ್ಟಿದ್ದ. ಮದುವೆ ಮಂಚದಷ್ಟು ಅಗಲ! ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ, ತಿರುಗೋ ಉಳಿ ತಾನೇ ಓಡಾಡಿ ಕೊರೆಯೋದು. ಮರ ಆದರೂ ಸೈ, ಪ್ಲಾಸ್ಟಿಕ್ಕಾದರೂ ಸೈ, ಅಲ್ಯೂಮಿನಿಯಂ ಆದರೂ ಸೈ. ಆದರೆ ಒಂದೊಂದು ಮಾಲಿಗೂ ಒಂದೊಂದು ಹದ. ಹದ ತಪ್ಪಿದರೆ ಮಾಲೂ ಹಾಳು, ಉಳೀನೂ ಹಾಳು.

"ಅಕ್ಕಯ್ಯ," ಅಂದ ವೀರಾಚಾರಿ, "ನಿನ್ನ ಮಗ ಹದ ಕಲಿತು ನಮ್ಮ ದೇವರಮನೆಗೆ ಒಂದು ಜಾಲರಿ ಬಾಗಿಲು ಕೊರೆದುಕೊಡಲಿ, ನಾಗವೇಣಿ ನಿಮ್ಮನೆ ಸೊಸೆ. ಇಲ್ಲಾಂದ್ರೆ ಆ ಪಾಲಿಶ್ ಅಂಗಡಿಯವನಿಗೆ ಕೊಟ್ಟುಬಿಡ್ತೀನಿ."

ಆ ಪಾಲಿಶಿನವನ ಕತೆ ಬಿಡಿ. ಅವನ ತಲೆ ಮೇಲಿನ ಕೂದಲು ಅವನದ್ದಲ್ಲ.

ಸರಿ, ಮೋನಾಚಾರಿ ಶೆಡ್ಡಿಗೆ ಹೋದ. ಮಾವ ತೆಳ್ಳನೆ ಪ್ಲೈವುಡ್ ಇಟ್ಟು ಹೇಳಿಕೊಟ್ಟ.

"ನೋಡೋ, ಹಲಗೆ ಮೇಲೆ ಕಾಗದ ಇಡು. ಉಳಿ ಮೆಲ್ಲಗೆ ಇಳಿಸು. ಕಾಗದ ಎಳೆದಾಗ ಹಿಡಿದಂಗಾಯ್ತಾ? ಅದೇ ಸೊನ್ನೆ. ಅಲ್ಲಿಂದ ಕೊರೆತ ಶುರು. ಇಟ್ಟ ಸೊನ್ನೆ ಮುಟ್ಟಬೇಡ!"

"ಹೂಂ ಮಾವ."

ಪ್ಲೈವುಡ್ ಚೆನ್ನಾಗೇ ಬಂತು. ಮಾವ ಕಾಫಿಗೆ ಹೋದ. ಇವನು ಪ್ಲೈವುಡ್ ತೆಗೆದು ದಿಂಬಿನಷ್ಟು ದಪ್ಪದ ಬೇವಿನ ಹಲಗೆ ಇಟ್ಟ. ಸೊನ್ನೆ ಮುಟ್ಟಲಿಲ್ಲ. ಉಳಿ ನೆಟ್ಟಗೆ ಬಂದು ಹಲಗೆ ಪಕ್ಕೆಗೆ ಗುದ್ದಿ, ಟಪ್ ಅಂತ ಮುರಿದು, ಹಾರಿ ಹೋಗಿ ಮಾವನ ಕಾಫಿ ಲೋಟಕ್ಕೇ ಬಿತ್ತು!

"ಏನೋ ಮಾಡಿದೆ?"

"ಇಟ್ಟ ಸೊನ್ನೆ ಮುಟ್ಟಬೇಡ ಅಂದ್ಯಲ್ಲ ಮಾವ!"

"ಅಯ್ಯೋ ಮಂಕೆ! ಮಾಲು ಬದಲಾದರೆ ಎಲ್ಲಾ ಬದಲಾಯಿಸಬೇಕು ಕಣೋ!"

"ಹೂಂ ಮಾವ."

ಮಾರನೇ ದಿನ ಹಲ್ಲಿನ ಡಾಕ್ಟರು ಪದ್ಮರಾಜಯ್ಯನೋರ ಬೋರ್ಡು. ದಪ್ಪ ಪ್ಲಾಸ್ಟಿಕ್ ಹಾಳೆ. ಮಾಲು ಬದಲಾಯ್ತಲ್ಲ? ಇವನು ಸೊನ್ನೆ ಬದಲಾಯಿಸಿದ, ಉಳಿ ಬದಲಾಯಿಸಿದ, ತನ್ನ ಅಂಗಿ ಬದಲಾಯಿಸಿದ, ಶೆಡ್ಡಿನ ಬಲ್ಬು ಬದಲಾಯಿಸಿದ. ಇನ್ನೇನು ಉಳೀತು? ಹೆಸರು! ಅದನ್ನೂ ಬದಲಾಯಿಸಿದ.

ಡಾಕ್ಟರು ಬಂದು ನೋಡಿದರೆ, 'ಗಿರಣಿ ಗಂಗಣ್ಣ. ಇಲ್ಲಿ ಎಲ್ಲಾ ನುಣ್ಣಗೆ ಪುಡಿ ಮಾಡಿ ಕೊಡಲಾಗುವುದು.' ಅವರ ಹತ್ರ ಹಲ್ಲು ಕೀಳಿಸಿಕೊಂಡೋರು ಬೋರ್ಡು ಸರಿಯಾಗೇ ಇದೆ ಅಂದ್ರು, ಆ ಮಾತು ಬೇರೆ. ಅಕ್ಷರದ ಅಂಚೆಲ್ಲ ಬೇರೆ ಕರಗಿ ಬೆಲ್ಲದ ಪಾಕ ಆಗಿತ್ತು.

"ಎಲ್ಲಾ ಬದಲಾಯಿಸು ಅಂದ್ಯಲ್ಲ ಮಾವ!"

"ನಿನ್ನ ಬುದ್ಧಿಗಿಷ್ಟು ಬೂದಿ ಹಾಕ! ಕೆಟ್ಟದ್ದು ಹೆಸರೊಂದೇ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಒಂದೇ ಕಡೆ ನಿಂತರೆ ಕಾವಿಗೆ ಕರಗಿಹೋಗುತ್ತೆ. ನಿಲ್ಲಬಾರದು, ಓಡ್ತಾನೇ ಇರಬೇಕು!"

"ಹೂಂ ಮಾವ."

ಆಮೇಲೆ ಬಂತು ಅಲ್ಯೂಮಿನಿಯಂ ತಗಡು. ಮಿಷನ್ ಚಾಲೂ ಮಾಡಿದ್ದೇ ತಡ, ಮೋನಾಚಾರಿ ಪಂಚೆ ಎತ್ತಿ ಕಟ್ಟಿ ಶೆಡ್ಡಿನ ಸುತ್ತ ಓಟ ಕಿತ್ತ! ಓಡಿದ, ಓಡಿದ, ನಿಲ್ಲದೆ ಓಡಿದ. ಒಳಗೆ ತಗಡು ಬಿಗಿಯಿಲ್ಲದೆ ಕಣಕಣ ಕಣಕಣ ಅಂತ ಕುಣಿದು, ಮಿಷನ್ನಿಂದ ಹಾರಿ, ಕೋಳಿಗೂಡಿಗೆ ಬಾಗಿಲಾಗಿ ನಿಂತಿತು. ಬೀದಿಗೆ ಬೀದಿಯೇ ಹೊರಗೆ ಬಂತು. ಹಿಂದೆ ನಾಯಿ ಬಿದ್ದಿದೆ ಅಂದ ಒಬ್ಬ, ಹೆಂಡ್ತಿ ಬಂದ ಮೇಲೆ ಓಡೋದು ಇದ್ದೇ ಇದೆ ಅಂದ ಇನ್ನೊಬ್ಬ.

"ನಿಂತ್ಕೊಳೋ!" ಅಂತ ಮಾವ ಕೂಗಿದ.

"ನಿಂತರೆ ಕರಗಿಹೋಗ್ತೀನಿ ಮಾವ!"

"ಓಡಬೇಕಾದ್ದು ಉಳಿ ಕಣೋ, ನೀನಲ್ಲ! ನೀನು ಕ್ಲಾಂಪು ಹಾಕು. ಅಲ್ಲಾಡೋದು ಏನೇ ಇರಲಿ, ಕ್ಲಾಂಪು ಹಾಕಿ ಮಿಷನ್ನಿಗೆ ಬಿಗಿ!"

"ಹೂಂ ಮಾವ."

ಇವನಿಂದ ಆಗೋದಿಲ್ಲ ಅಂತ ಮಾವ ಪಾಲಿಶಿನವರಿಗೆ ಹೇಳಿಕಳಿಸಿದ್ದ. ಆ ಭಾನುವಾರ ಅವರು ಹುಡುಗಿ ನೋಡೋಕೆ ಬರೋರು. ವೀರಾಚಾರಿ ಗರಿಗರಿ ಪಂಚೆ ಉಟ್ಟು, ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು, ಅವರ ದಾರಿ ಕಾಯ್ತಿದ್ದ. ಅವನಿಗೊಂದು ಚಾಳಿ. ಕೂತರೆ ತೊಡೆ ಅಲ್ಲಾಡಿಸೋದು. ಮೋನಾಚಾರಿ ನೋಡಿದ. ಅಲ್ಲಾಡ್ತಿದೆ! ಮೆಲ್ಲಗೆ ಕೂತು, ಪಂಚೆ ಅಂಚು ಹಿಡಿದು, ಈ ಕಡೆ ಒಂದು ಕ್ಲಾಂಪು, ಆ ಕಡೆ ಒಂದು ಕ್ಲಾಂಪು.

"ರೀ, ಬಂದ್ರು!" ಅಂತ ಹೆಂಡತಿ ಕರೆದಳು. ವೀರಾಚಾರಿ ಧಡಕ್ಕನೆ ಎದ್ದು ಓಡಿದ. ಮಾವ ಹಜಾರಕ್ಕೆ ಬಂದ, ಪಂಚೆ ಶೆಡ್ಡಿನಲ್ಲೇ ಉಳೀತು. ಪಟ್ಟೆಪಟ್ಟೆ ಚಡ್ಡೀಲಿ ನಿಂತು, "ಬನ್ನಿ, ಬನ್ನಿ, ದಯಮಾಡಿಸಿ!" ಅಂತ ಕೈ ಮುಗಿದ!

ಪಾಲಿಶಿನವನ ತಾಯಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಮಗ ತಗ್ಗಿಸಿದ ತಲೆ ಎತ್ತಲಿಲ್ಲ. ತಗ್ಗಿಸಿದ ರಭಸಕ್ಕೆ ಟೋಪನ್ನು ಮಾತ್ರ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಎದ್ದೋರು ತಿರುಗಿ ನೋಡಲಿಲ್ಲ.

"ಹುಡುಗೀನೂ ಇಲ್ಲ, ಮಿಷನ್ನೂ ಇಲ್ಲ, ಆಚೆ ನಡಿ!" ಅಂತ ವೀರಾಚಾರಿ ಗುಡುಗಿದ.

"ಅಲ್ಲಾಡೋದನ್ನ ಬಿಗಿ ಅಂದ್ಯಲ್ಲ ಮಾವ..."

ಸುದ್ದಿ ಕೇಳಿ ಓಡಿಬಂದ ಪುಟ್ಟಕಾಳಮ್ಮ ಮೂಗು ಒರೆಸಿಕೊಂಡು ಅತ್ತಳು. ನನ್ನ ಮನೆ ದೀಪ ಹಚ್ಚೋಳು ಇನ್ನು ಯಾರೂ ಇಲ್ಲ ಅಂದಳು. ಆಗ ಬಾಗಿಲ ಸಂದೀಲಿ ಕಿಸಕ್ಕನೆ ನಗು. ನಾಗವೇಣಿ! ಟೋಪನ್ನಿನವನು ತೊಲಗಿದ್ದು ಅವಳಿಗೆ ಹಬ್ಬ ಆಗಿತ್ತು.

"ಅಪ್ಪ, ನೀನು ಹೇಳಿದ್ದನ್ನ ಬಾವ ಒಂದಾದರೂ ಮಾಡದೆ ಬಿಟ್ಟಿದ್ದಾನಾ? ಹೇಳಿದ ಮಾತು ಕೇಳೋ ಗಂಡಸು ಈ ಬೀದೀಲಿ ಇನ್ನೊಬ್ಬ ಇದ್ದರೆ ತೋರಿಸು. ಹೇಳೋದು ಸರಿಯಾಗಿ ಹೇಳಬೇಕು, ಅಷ್ಟೇ." ಅಂದವಳೇ ಮೋನಾಚಾರಿ ಕಡೆ ತಿರುಗಿ, "ಬಾವ, ಇದೊಂದು ಮಾತು ತಲೇಲಿಟ್ಕೊ. ಒಳ್ಳೇ ಮಾಲಿಗೆ ನೆಟ್ಟಗೆ ಕೈ ಹಾಕಬೇಡ. ಅದೇ ಮರದ್ದು ಹಳೇ ತುಂಡು ಹುಡುಕು. ಅದರ ಮೇಲೆ ಮೊದಲು ನೋಡು. ಅಲ್ಲಿ ಸರಿ ಬಂದರೆ, ಆಮೇಲೆ ಒಳ್ಳೇ ಮಾಲಿಗೆ."

"ಹೂಂ ನಾಗು."

ಮಗಳ ಮಾತಿಗೆ ವೀರಾಚಾರಿ ಇನ್ನೊಂದೇ ಸಲ ಅಂತ ಒಪ್ಪಿದ. ದೇವರಮನೆ ಬಾಗಿಲಿಗೆ ತೇಗದ ಹಲಗೆ ಬಂತು. ಮೋನಾಚಾರಿ ಅದೇ ತೇಗದ ಹಳೇ ತುಂಡು ಹುಡುಕಿದ. ಒಂದು ಗೆರೆ ಕೊರೆದ. ಆಳ ಜಾಸ್ತಿ. ತಗ್ಗಿಸಿದ. ಸುಟ್ಟ ವಾಸನೆ. ಉಳಿಯ ಓಟ ಹೆಚ್ಚಿಸಿದ. ಅಂಚು ಸೀಳು. ಉಳಿ ಬದಲಾಯಿಸಿದ. ನುಣ್ಣಗೆ ಬಂತು! ಆಮೇಲೆ ಒಳ್ಳೇ ಹಲಗೆಗೆ ಕೈ ಹಾಕಿದ. ಸಂಜೆ ಹೊತ್ತಿಗೆ ಬಾಗಿಲು ತುಂಬ ಮಲ್ಲಿಗೆ ಬಳ್ಳಿ. ವೀರಾಚಾರಿ ಬೆರಳಾಡಿಸಿ ನೋಡಿದ. ಒಂದು ಸಿಬಿರಿಲ್ಲ.

"ಅಕ್ಕಯ್ಯ, ತಾಂಬೂಲ ತಗೊಂಡು ಬಾ," ಅಂದ.

ಮದುವೆ ಬಂತು. ವಾಲಗ ಊದ್ತಿದೆ. ನಾಗವೇಣಿ ತಲೆ ತಗ್ಗಿಸಿ ಕೂತಿದ್ದಾಳೆ. ಪಕ್ಕದಲ್ಲೇ ಅವಳ ಅಜ್ಜಿ, ಪುಟ್ಟಕಾಳಮ್ಮನ ಹೆತ್ತ ತಾಯಿ. ಹಲ್ಲಿಲ್ಲ, ಮಿಕ್ಕಿದ್ದೆಲ್ಲ ಇದೆ. ಅದೇ ಮೂಗು, ಅದೇ ಗಲ್ಲ, ಮೊಮ್ಮಗಳು ಅಚ್ಚು ಅವಳದೇ. "ಗಟ್ಟಿಮೇಳ, ಗಟ್ಟಿಮೇಳ!" ಅಂದ್ರು ಪುರೋಹಿತರು. ಮೋನಾಚಾರಿ ತಾಳಿ ಹಿಡಿದ. ನಾಗವೇಣಿ ಕಡೆ ನೋಡಿದ. ಒಳ್ಳೇ ಮಾಲು! ಅಜ್ಜಿ ಕಡೆ ನೋಡಿದ. ಅದೇ ಮರದ್ದು, ಹಳೇ ತುಂಡು!

ಬಗ್ಗಿ ಅಜ್ಜಿ ಕೊರಳಿಗೆ ಕಟ್ಟೇಬಿಟ್ಟ!

ವಾಲಗದವನು ಊದಿದ ಉಸಿರು ಒಳಗೇ ಎಳೆದುಕೊಂಡ. ಪುರೋಹಿತರ ಕೈ ಅಕ್ಷತೆ ಅವರ ಕಾಲ ಮೇಲೇ ಬಿತ್ತು.

"ಅಯ್ಯೋ ಪಾಪಿ!" ಪುಟ್ಟಕಾಳಮ್ಮ ಎದೆ ಬಡಿದುಕೊಂಡಳು. "ನನ್ನ ಹೆತ್ತವ್ವನ್ನೇ ನನಗೆ ಸೊಸೆ ಮಾಡಿದ್ಯಲ್ಲೋ!"

"ಸುಮ್ನಿರಮ್ಮ, ಹದ ನೋಡ್ತಿದೀನಿ!"

ಅಜ್ಜಿ ಕೊರಳು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. "ಒಂದು ಎಳೆ ಬಿಗಿ ಆಯ್ತು ಕಣಪ್ಪ," ಅಂದಳು, "ನನ್ನ ಮೊಮ್ಮಗಳಿಗೆ ಸ್ವಲ್ಪ ಸಡಿಲ ಬಿಡು."