ಕೆಡದ ಬಸ್ಸುಗಳ ಮೆಕ್ಯಾನಿಕ್

ಮಹಾಂತೇಶನೆಂಬ ಶಿಷ್ಯ ಗುರುಗಳನ್ನು ಕೇಳಿದ:

"ಗುರುಗಳೇ, ನಾನು ಕೆಲಸ ಮಾಡುವ ಕಂಪನಿಯಲ್ಲಿ ಮುನ್ನೂರು ಜನರಿದ್ದಾರೆ. ಯಾರಿಗೆ ಯಾವ ಕೆಲಸ ಬರುತ್ತದೆ, ಎಷ್ಟು ಬರುತ್ತದೆ ಎಂದು ಅಳೆಯುವ ಜವಾಬ್ದಾರಿ ನನ್ನದು. ಹಿಂದೆ ನಾನೇ ಅಳೆಯುತ್ತಿದ್ದೆ. ಆಗ ನಮ್ಮವರು, ಬೇರೆಯವರು ಎಂಬ ಭೇದ ನುಸುಳುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರ ಅಳೆಯುತ್ತದೆ. ಅದಕ್ಕೆ ನೆಂಟರಿಲ್ಲ, ಸಿಟ್ಟಿಲ್ಲ. ಅದು ಕೊಟ್ಟ ಪಟ್ಟಿಗೆ ನಾನು ಸಹಿ ಹಾಕುತ್ತೇನೆ, ಅಷ್ಟೇ. ಇನ್ನು ಯಾರಿಗಾದರೂ ಅನ್ಯಾಯವಾದರೆ ಅದರ ಪಾಪ ನನಗೆ ತಟ್ಟುವುದಿಲ್ಲ, ಅಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಸ್ ಮಾಲೀಕನಿದ್ದ. ಅವನ ಅರವತ್ತು ಬಸ್ಸುಗಳು ದಿನವೂ ಘಾಟಿ ಹತ್ತಿ ಇಳಿಯುತ್ತಿದ್ದವು. ಅವುಗಳ ರಿಪೇರಿಗೆ ಊರ ಹೊರಗೊಂದು ಶೆಡ್ಡಿತ್ತು. ಶೆಡ್ಡಿನ ಮೇಲ್ವಿಚಾರಕ ನೀಲಕಂಠ. ಅವನು ಕೆಲಸ ಕಲಿತದ್ದು ಅದೇ ಶೆಡ್ಡಿನಲ್ಲಿ, ದುರುಗಪ್ಪನೆಂಬ ಮೆಕ್ಯಾನಿಕ್ಕನ ಕೈಕೆಳಗೆ. ನಾಲ್ಕಕ್ಷರ ಓದಿದ್ದರಿಂದ ನೀಲಕಂಠ ಮೇಲೇರಿದ, ದುರುಗಪ್ಪ ಇದ್ದಲ್ಲೇ ಉಳಿದ. ಇದರಿಂದ ಇಬ್ಬರ ನಡುವೆ ಏನೂ ಕೆಟ್ಟಿರಲಿಲ್ಲ. ಮೇಲಧಿಕಾರಿಯಾದ ಮೇಲೂ ನೀಲಕಂಠ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ.

ದುರುಗಪ್ಪನ ಪಾಲಿಗೆ ಇಪ್ಪತ್ತು ಬಸ್ಸುಗಳಿದ್ದವು. ಘಾಟಿ ಇಳಿದು ಬಂದ ಬಸ್ಸು ನಿಂತ ಕೂಡಲೇ ಅವನು ಅದರ ಸುತ್ತ ಒಂದು ಸಲ ನಡೆಯುತ್ತಿದ್ದ. ಗಾಲಿಯ ನಡುವೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಸವೆದ ಪೈಪನ್ನು ಒಡೆಯುವ ಮೊದಲೇ ಬದಲಿಸುತ್ತಿದ್ದ. ಡ್ರೈವರ್ ದೂರು ಕೊಟ್ಟಿರುತ್ತಿರಲಿಲ್ಲ, ಹಾಗಾಗಿ ಅದನ್ನೆಲ್ಲ ಯಾರೂ ಬರೆದಿಡುತ್ತಲೂ ಇರಲಿಲ್ಲ. ಅವನ ಇಪ್ಪತ್ತು ಬಸ್ಸುಗಳು ದಾರಿಯಲ್ಲಿ ಕೆಟ್ಟು ನಿಂತದ್ದು ಬಹಳ ಅಪರೂಪ.

ಒಂದು ವರ್ಷ ಮಾಲೀಕ ಹೊಸ ಯಂತ್ರವೊಂದನ್ನು ತರಿಸಿದ. ಅದು ಶೆಡ್ಡಿನ ಮೂರು ವರ್ಷಗಳ ಜಾಬ್ ಕಾರ್ಡುಗಳನ್ನು, ಅಂದರೆ ದೂರು ಬಂದು ಮಾಡಿದ ರಿಪೇರಿಗಳ ದಾಖಲೆಗಳನ್ನೆಲ್ಲ ಓದಿತು. ಯಾರು ಎಷ್ಟು ರಿಪೇರಿ ಮಾಡಿದರು, ಎಂಥ ರಿಪೇರಿ, ಎಷ್ಟು ಬೇಗ ಎಂದು ನೋಡಿತು. ಕೊನೆಗೆ ಒಬ್ಬೊಬ್ಬರ ಹೆಸರಿನ ಮುಂದೆ ಅವರ ಕೌಶಲವನ್ನು ನೂರಕ್ಕೆ ಇಷ್ಟು ಎಂದು ಬರೆದುಕೊಟ್ಟಿತು.

ದಾರಿಯಲ್ಲಿ ನಿಂತ ಬಸ್ಸುಗಳನ್ನು ಸರಿಮಾಡಲು ಓಡುತ್ತಿದ್ದ ಚನ್ನವೀರನಿಗೆ ಎಂಬತ್ತೆಂಟು ಬಂತು. ಅವನು ನಿಜಕ್ಕೂ ಒಳ್ಳೆಯ ಕೆಲಸಗಾರ. ದುರುಗಪ್ಪನ ಹೆಸರಿನ ಮುಂದೆ ಹನ್ನೊಂದು ಎಂದಿತ್ತು. ಮೂರು ವರ್ಷಗಳಲ್ಲಿ ಅವನ ಹೆಸರಿನಲ್ಲಿ ಹದಿನಾಲ್ಕೇ ರಿಪೇರಿ ಸಿಕ್ಕಿದ್ದವು. ಇವನನ್ನು ಬಸ್ ತೊಳೆಯುವ ಕೆಲಸಕ್ಕೆ ಹಾಕಬಹುದು ಎಂದು ಕೆಳಗೆ ಸಲಹೆಯಿತ್ತು.

ನೀಲಕಂಠ ಮೊದಲು ನಕ್ಕುಬಿಟ್ಟ. ಪಟ್ಟಿ ಹಿಡಿದು ಮಾಲೀಕನ ಬಳಿಗೆ ಹೋದ. ಮಾಲೀಕ ಕೆಟ್ಟವನಲ್ಲ.

"ನೀಲಕಂಠ, ಈ ಜನರನ್ನು ಬಲ್ಲವನು ನೀನು. ತಪ್ಪಿದ್ದರೆ ತಿದ್ದು. ಆದರೆ ಯಾಕೆ ತಿದ್ದಿದೆ ಅಂತ ಬರೆದು ನಿನ್ನ ಹೆಸರು ಹಾಕಬೇಕು. ಯಂತ್ರದ ಪದ್ಧತಿ ಹಾಗಿದೆ" ಎಂದ.

ನೀಲಕಂಠ ತನ್ನ ಕೋಣೆಗೆ ಬಂದು ಪರದೆಯ ಮುಂದೆ ಕುಳಿತ. ತಿದ್ದಲು ಜಾಗವಿತ್ತು. ಕಾರಣ ಬರೆಯಲು ಜಾಗವಿತ್ತು. ಬರೆಯುವ ಮುನ್ನ ತನ್ನ ಹೆಸರನ್ನೂ ಒಮ್ಮೆ ನೋಡಿಕೊಂಡ. ಐವತ್ತೆಂಟು. ಅದರ ಕೆಳಗೆ ಒಂದು ಸಾಲು: ನಿರ್ಧಾರಗಳಲ್ಲಿ ಸ್ವಂತ ಒಲವು ಕಾಣುತ್ತಿದೆ, ಗಮನಿಸಬೇಕು.

ಆ ಸಾಲನ್ನು ಅವನು ಮೂರು ಸಲ ಓದಿದ. ದುರುಗಪ್ಪನ ಪರವಾಗಿ ಬರೆದರೆ ಆ ಸಾಲಿಗೆ ತಾನೇ ಸಾಕ್ಷಿ ಒದಗಿಸಿದಂತಾಗುತ್ತದೆ ಎನಿಸಿತು. ಬರೆಯುವುದಾದರೂ ಏನು? ಈತನ ಬಸ್ಸುಗಳು ಕೆಡುವುದಿಲ್ಲ ಎಂದೇ? ಕೆಡದೇ ಇದ್ದದ್ದಕ್ಕೆ ಪುರಾವೆ ಎಲ್ಲಿಂದ ತರುವುದು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಟ್ಟಿ ಇದ್ದ ಹಾಗೆಯೇ ಇರಲಿ ಎಂದು ಸಹಿ ಹಾಕಿದ.

ಮರುದಿನ ದುರುಗಪ್ಪನನ್ನು ಕರೆದು ವಿಷಯ ತಿಳಿಸಿದ.

"ಹನ್ನೊಂದಾ?" ಎಂದ ದುರುಗಪ್ಪ.

"ಹೌದಣ್ಣ."

"ನೀನೂ ಒಪ್ಪಿದ್ಯಾ?"

"ನಾನು ಒಪ್ಪೋದು ಬಿಡೋದು ಏನಿದೆ ಅಣ್ಣ? ಯಂತ್ರ ಹೇಳಿದ್ದು."

ದುರುಗಪ್ಪ ಹೊರಗೆ ಹೋಗಿ ನೀರಿನ ಪೈಪು ಹಿಡಿದ.

ಐದು ತಿಂಗಳು ಅವನು ಬಸ್ಸು ತೊಳೆದ. ಬಸ್ಸಿನ ಒಂದು ನಟ್ಟನ್ನೂ ಮುಟ್ಟಬಾರದೆಂದು ಅವನಿಗೆ ಹೇಳಲಾಗಿತ್ತು, ಮುಟ್ಟಲಿಲ್ಲ. ಅವನ ಇಪ್ಪತ್ತು ಬಸ್ಸುಗಳು ಒಂದೊಂದಾಗಿ ದಾರಿಯಲ್ಲಿ ನಿಲ್ಲತೊಡಗಿದವು. ಚನ್ನವೀರನಿಗೆ ಊಟಕ್ಕೂ ಪುರುಸೊತ್ತಿಲ್ಲದಂತಾಯಿತು. ಜಾಬ್ ಕಾರ್ಡುಗಳು ಹೆಚ್ಚಿದಷ್ಟೂ ಯಂತ್ರ ಶೆಡ್ಡಿನ ಒಟ್ಟು ಕೌಶಲ ಏರುತ್ತಿದೆ ಎಂದು ತೋರಿಸುತ್ತಿತ್ತು.

ಒಂದು ಬೆಳಿಗ್ಗೆ ದುರುಗಪ್ಪ ಒದ್ದೆ ಕೈಯಲ್ಲೇ ನೀಲಕಂಠನ ಕೋಣೆಗೆ ಬಂದ. ಆ ಐದು ತಿಂಗಳಲ್ಲಿ ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ಈಗ ಬಂದ ಗಾಡಿಯ ಮುಂದಿನ ಎಡಗಾಲಿ ಸುಡ್ತಾ ಇದೆ. ಬೇರಿಂಗ್ ಹೋಗಿದೆ. ಇವತ್ತು ಅದನ್ನ ಘಾಟಿಗೆ ಬಿಡಬೇಡ."

ನೀಲಕಂಠ ಪರದೆ ನೋಡಿದ. ಆ ಬಸ್ಸಿನ ಮೇಲೆ ಯಾವ ದೂರೂ ಇರಲಿಲ್ಲ. ತೊಳೆಯುವವನ ಮಾತಿನ ಮೇಲೆ ಬಸ್ಸು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸುವುದಾದರೆ ನೀಲಕಂಠ ತನ್ನ ಹೆಸರಿನಲ್ಲಿಯೇ ನಿಲ್ಲಿಸಬೇಕಿತ್ತು.

"ನೋಡ್ತೀನಿ ಅಣ್ಣ" ಎಂದ.

ಬಸ್ಸು ಒಂಬತ್ತೂವರೆಗೆ ಹೊರಟಿತು. ಘಾಟಿಯ ನಾಲ್ಕನೆಯ ತಿರುವಿನಲ್ಲಿ ಮುಂದಿನ ಎಡಗಾಲಿ ಕಳಚಿ ಹೋಯಿತು. ಮೂವರು ಸತ್ತರು. ಸತ್ತವರಲ್ಲಿ ಬಸ್ಸಿನ ಡ್ರೈವರನೂ ಒಬ್ಬ. ಇನ್ನೊಬ್ಬಳು ತವರಿಗೆ ಹೊರಟಿದ್ದ ಬಸುರಿ.

ತನಿಖೆಗೆ ಅಧಿಕಾರಿಗಳು ಬಂದರು. ನೀಲಕಂಠ ಕಾಗದಪತ್ರಗಳನ್ನು ಮುಂದಿಟ್ಟ. ಒಂದರಲ್ಲೂ ಲೋಪವಿರಲಿಲ್ಲ. ಕೊನೆಯಲ್ಲಿ ಅವರು ದುರುಗಪ್ಪನನ್ನೂ ಕರೆಸಿದರು.

"ಅವತ್ತು ಆ ಬಸ್ಸನ್ನು ತೊಳೆದವನು ನೀನು. ಏನಾದರೂ ಕಂಡಿತೇ?" ಎಂದು ಕೇಳಿದರು.

ನೀಲಕಂಠ ಅಲ್ಲೇ ನಿಂತಿದ್ದ. ದುರುಗಪ್ಪ ಅವನತ್ತ ತಿರುಗಿಯೂ ನೋಡಲಿಲ್ಲ.

"ನಾನು ತೊಳೆಯೋನು ಸಾರ್. ಗಾಡಿ ವಿಷಯ ನನ್ನ ಕೇಳಬೇಡಿ" ಎಂದ.

ಅದು ತನ್ನನ್ನು ಉಳಿಸಲು ಆಡಿದ ಮಾತೋ, ತನ್ನ ಮುಖಕ್ಕೆ ಉಗಿದ ಮಾತೋ ನೀಲಕಂಠನಿಗೆ ತಿಳಿಯಲಿಲ್ಲ. ಮರುದಿನದಿಂದ ದುರುಗಪ್ಪ ಕೆಲಸಕ್ಕೆ ಬರಲಿಲ್ಲ.

ಯಾರ ತಪ್ಪೂ ಇಲ್ಲವೆಂದು ವರದಿಯಾಯಿತು. ವರ್ಷ ತುಂಬಿದಾಗ ಯಂತ್ರ ಹೊಸ ಪಟ್ಟಿ ಕೊಟ್ಟಿತು. ನೀಲಕಂಠನ ಐವತ್ತೆಂಟು ತೊಂಬತ್ತೊಂದಾಗಿತ್ತು. ಈತ ಒಲವಿಗೆ ಒಳಗಾಗದೆ ನಿರ್ಧರಿಸುತ್ತಾನೆ ಎಂದು ಕೆಳಗೆ ಬರೆದಿತ್ತು. ಮಾಲೀಕ ಹೊಸದಾಗಿ ತೆರೆದ ಎರಡನ್ನೂ ಸೇರಿಸಿ ಅವನನ್ನು ಮೂರು ಶೆಡ್ಡುಗಳಿಗೆ ಮುಖ್ಯಸ್ಥನನ್ನಾಗಿ ಮಾಡಿದ.

ಆ ಭಾನುವಾರ ನೀಲಕಂಠ ದುರುಗಪ್ಪನ ಮನೆಗೆ ಹೋದ. ದುರುಗಪ್ಪ ಚಾಪೆ ಹಾಸಿದ. ನೀರು ಕೊಟ್ಟ. ಹೆಂಡತಿ ಮಕ್ಕಳ ಆರೋಗ್ಯ ವಿಚಾರಿಸಿದ. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಮಾತಾಡಿದ. ಮಾತಿನಲ್ಲಿ ನೀಲಕಂಠನನ್ನು ನೀವು ಎಂದ. ಬಸ್ಸಿನ ವಿಷಯ ಎತ್ತಲಿಲ್ಲ. ನೀಲಕಂಠ ಬೈಸಿಕೊಳ್ಳಲೆಂದೇ ಹೋಗಿದ್ದ. ಬೈಗುಳ ಸಿಗಲಿಲ್ಲ. ಸಂಜೆಯವರೆಗೆ ಕುಳಿತಿದ್ದು ಎದ್ದು ಬಂದ.

ಗುರುಗಳು ಕತೆ ನಿಲ್ಲಿಸಿದರು.

ಮಹಾಂತೇಶ ಹೇಳಿದ: "ಗುರುಗಳೇ, ಆ ಯಂತ್ರಕ್ಕೆ ಕೊಟ್ಟ ಮಾಹಿತಿಯೇ ಅರೆಬರೆ. ಬರೀ ಜಾಬ್ ಕಾರ್ಡು ಓದಿದರೆ ಇನ್ನೇನಾದೀತು? ನಮ್ಮದು ಹಾಗಲ್ಲ. ಅದು ಜೊತೆಗೆ ಕೆಲಸ ಮಾಡುವವರನ್ನೂ ಕೇಳುತ್ತದೆ, ತಿಂಗಳಿಗೊಮ್ಮೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ನಮ್ಮಲ್ಲಿ ಇಂಥದ್ದು ನಡೆಯಲಾರದು."

ಗುರುಗಳು ಕೇಳಿದರು: "ನೀನು ಸಹಿ ಹಾಕಿದ ಪಟ್ಟಿಯಲ್ಲಿ ಒಂದು ಹೆಸರು ಓದುವಾಗಲೇ ಇದು ತಪ್ಪು ಎಂದು ನಿನಗೆ ಗೊತ್ತಾಯಿತಲ್ಲ, ಆ ಹೆಸರು ಯಾರದು?"