ಮುಂದಕ್ಕೆ ಹೋಗು ಅಂದ ಹೊನ್ನಾಜಿ

ಒಂದಾನೊಂದು ಕಾಲದಲ್ಲಿ, ಹೂಂ ಅನ್ನಬೇಕು ಪುಟ್ಟಿ, ನೀನು ಹೂಂ ಅನ್ನದಿದ್ರೆ ಕತೆ ಕಾಲು ಮಡಚಿಕೊಂಡು ಕೂತುಬಿಡುತ್ತೆ, ಒಂದಾನೊಂದು ಕಾಲದಲ್ಲಿ ಒಂದೂರಲ್ಲಿ ಹೊನ್ನಾಜಿ ಅಂತ ಗಾಣದ ಮನೆ ಹೆಂಗಸು ಇದ್ಲಂತೆ. ಒಂಟಿ ಜೀವ. ಮನೆ ತುಂಬಾ ಎಣ್ಣೆ ಗಡಿಗೆ, ದೇವರ ಗೂಡಿನಲ್ಲಿ ಅವರಪ್ಪ ಬಿಟ್ಟುಹೋಗಿದ್ದ ಒಂದು ಓಲೆಗರಿ ಪುಸ್ತಕ. ಓಲೆಗರಿ ಅಂದ್ರೆ ತಾಳೆ ಎಲೆ ಕಣೇ. ಅದರ ಮೇಲೆ ಮೊಳೆಯಂಥ ಕಡ್ಡೀಲಿ ಅಕ್ಷರ ಕೊರೀತಿದ್ರು, ಎಣ್ಣೆ ಮಸಿ ತಿಕ್ಕಿದ್ರೇನೇ ಅದು ಎದ್ದು ಕಾಣೋದು.

ಹೊನ್ನಾಜಿ ಕಣ್ಣಿಗೆ ಪೊರೆ ಬರ್ತಿತ್ತಂತೆ. ದೀಪಾವಳಿ ಹೊತ್ತಿಗೆ ಪೂರ್ತಿ ಕತ್ತಲೆ ಅಂತ ಪಂಡಿತರು ಹೇಳಿಬಿಟ್ಟಿದ್ರಂತೆ. ಕಣ್ಣು ಹೋಗೋದ್ರೊಳಗೆ ಒಂದ್ಸಲ ದೇವರನ್ನ ನೋಡಬೇಕಲ್ಲ ಅಂತ, ಊರಿಗೆ ಬಂದ ಒಬ್ಬ ಸ್ವಾಮಿಗಳ ಕಾಲು ಹಿಡಿದ್ಲಂತೆ. ಅವರು, ನಿಮ್ಮಪ್ಪನ ಪುಸ್ತಕ ದಿನಾ ಒಂದು ಗರಿ ಓದಮ್ಮ, ಓದಿದ್ದನ್ನ ಮನಸ್ಸಲ್ಲಿ ಮೆಲುಕು ಹಾಕು, ಅವನೇ ಬರ್ತಾನೆ ಅಂದ್ರಂತೆ.

ಆಮೇಲೆ ಹೊನ್ನಾಜಿ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಗರಿಗೆ ಎಣ್ಣೆ ಸವರಿ, ಬೆರಳಿಟ್ಟುಕೊಂಡು ಓದೋಕೆ ಶುರುಮಾಡಿದ್ಲಂತೆ. ಒಂದಿನ ಒಬ್ಬ ಮುದುಕ ಬಾಗಿಲಿಗೆ ಬಂದು, ಹಿಮ್ಮಡಿ ಒಡೆದು ರಕ್ತ ಬರ್ತಿದೆ, ಒಂದು ತೊಟ್ಟು ಎಣ್ಣೆ ಹಾಕವ್ವ ಅಂದ್ನಂತೆ. ಇವಳು ತಲೆ ಎತ್ತಲಿಲ್ಲ, ಓದ್ತಾ ಇದೀನಿ, ಮುಂದಕ್ಕೆ ಹೋಗಪ್ಪ ಅಂದ್ಲಂತೆ. ಆಮೇಲೆ ಇನ್ನೊಂದಿನ ಒಬ್ಬ ಬಾಣಂತಿ ಬಂದು, ಮಗು ನೆತ್ತಿಗೆ ಒಂದು ತೊಟ್ಟು ಅಂದ್ಲಂತೆ. ಮುಂದಕ್ಕೆ ಹೋಗಮ್ಮ. ಆಮೇಲೆ ತಲೆಯೆಲ್ಲ ಸಿಕ್ಕು ಕಟ್ಟಿದ ಒಬ್ಬ ಅಲೆಮಾರಿ ಹೆಂಗಸು ಬಂದು ಏನೂ ಕೇಳದೆ ಸುಮ್ನೆ ನಿಂತ್ಲಂತೆ. ಅವಳಿಗೂ ಅದೇ, ಮುಂದಕ್ಕೆ ಹೋಗೇ. ಹೊನ್ನಾಜಿ ಕೆಟ್ಟವಳೇನಲ್ಲ, ಬಾಗಿಲಿಗೆ ಬಂದೋರಿಗೆ ನಾವೆಲ್ಲ ಅನ್ನೋದೇ ಅದು. ನಿಮ್ಮಮ್ಮ ಅಂತಾಳೆ, ನಾನೂ ಅಂದಿದೀನಿ.

ದೀಪಾವಳಿ ಹಿಂದಿನ ದಿನಕ್ಕೆ ಕೊನೇ ಗರಿ ಉಳೀತಂತೆ. ದೇವರು ಇನ್ನೂ ಬಂದಿಲ್ಲ. ಕಣ್ಣಿಗೆ ಎಲ್ಲಾ ಮಂಜು ಮಂಜು. ಗರಿಗೆ ಎಣ್ಣೆ ತಿಕ್ಕಿ ಬಿಸಿಲಿಗೆ ಹಿಡಿದು ನೋಡಿದ್ರೆ ಏನಿತ್ತು ಅಂತೀಯಾ? ಮೂರು ಸಲ ಬಂದಿದ್ದೆ ಹೊನ್ನಾಜಿ, ಮುಂದಕ್ಕೆ ಹೋಗು ಅಂದೆಯಲ್ಲ, ಹೋಗ್ತಾ ಇದೀನಿ ಅಂತ ಇತ್ತಂತೆ.

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ ಅಂತ, ಪುಸ್ತಕ ಅಲ್ಲೇ ಬಿಟ್ಟು, ಎಣ್ಣೆ ಗಿಂಡಿ ಎತ್ತಿಕೊಂಡು ಬೀದಿಗೆ ಓಡಿದ್ಲಂತೆ. ಪಕ್ಕದ ಮನೇಲಿ, ಇಂಥೋರು ಬಂದಿದ್ರಾ ಅಂತ ಕೇಳಿದ್ರೆ, ಬಂದಿದ್ರು, ಮುಂದಕ್ಕೆ ಹೋಗಿ ಅಂದ್ವಿ ಅಂದ್ರಂತೆ. ಅದರಾಚೆ ಮನೇಲೂ ಅದೇ, ಅದರಾಚೇದ್ರಲ್ಲೂ ಅದೇ. ಹಂಗೇ ಮುಂದಕ್ಕೆ ಮುಂದಕ್ಕೆ ಹೋಗಿ ಊರೇ ಮುಗೀತಂತೆ. ಊರಾಚೆ ಒಂದು ಹಾಳು ಮಂಟಪ, ಅಲ್ಲಿ ಮೂವರೂ ಕೂತಿದ್ರಂತೆ. ನಿಮ್ಮಲ್ಲಿ ದೇವರು ಯಾರು ಅಂತ ಕೇಳಿದ್ಲಂತೆ ಪಾಪ. ದೇವರಾಗಿದ್ರೆ ಇಲ್ಯಾಕೆ ಕೂತಿರ್ತಿದ್ವಿ, ಎಣ್ಣೆ ತಂದಿದ್ರೆ ಹಾಕವ್ವ ಅಂದ್ನಂತೆ ಮುದುಕ.

ಆಮೇಲೆ ಹೊನ್ನಾಜಿ ಮಗು ನೆತ್ತಿಗೆ ಎಣ್ಣೆ ತಟ್ಟಿದ್ಲಂತೆ, ಆ ಹೆಂಗಸಿನ ತಲೆಗೆ ಹಚ್ಚಿ ಸಿಕ್ಕು ಬಿಡಿಸಿದ್ಲಂತೆ, ಅಷ್ಟೊತ್ತಿಗೆ ಕಣ್ಣು ಪೂರ್ತಿ ಕತ್ತಲೆ ಆಯ್ತಂತೆ. ಮುದುಕನ ಕಾಲು ತಡಕಿ, ತೊಡೆ ಮೇಲಿಟ್ಟುಕೊಂಡು, ಹಿಮ್ಮಡಿಗೆ ಎಣ್ಣೆ ತಿಕ್ಕಿದ್ಲಂತೆ. ಹಿಮ್ಮಡಿ ತುಂಬಾ ಒಡಕು, ಗರಿ ಮೇಲೆ ಅಕ್ಷರ ಕೊರೆದ ಹಂಗೇ. ದಿನಾ ಓದಿದ ಬೆರಳಲ್ವಾ, ತಾನಾಗೇ ಓದ್ತಂತೆ. ಬಂದ್ಯಾ, ಅಂತ ಇತ್ತಂತೆ. ಹೊನ್ನಾಜಿ ಆ ಕಾಲು ತಬ್ಬಿಕೊಂಡು ಸಂತೋಷಕ್ಕೆ ಅತ್ಲಂತೆ.

ಕಣ್ಣು ತಿರುಗಿ ಬರಲಿಲ್ಲಪ್ಪ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಎಲ್ಲರನ್ನೂ ಮನೆಗೆ ಕರ್ಕೊಂಡು ಬಂದ್ಲಂತೆ, ಉಂಡುಟ್ಟು ಸುಖವಾಗಿದ್ರಂತೆ. ಹೊನ್ನಾಜಿ ಮೊದಲಿನ ಹಂಗೇ ದಿನಾ ಬೆಳಿಗ್ಗೆ ಗರಿ ಬಿಚ್ಚಿ ಬೆರಳಲ್ಲೇ ಓದ್ತಿದ್ಲಂತೆ. ಎರಡಕ್ಷರ ಓದೋದ್ರಲ್ಲಿ ಬಾಗಿಲಲ್ಲಿ ಯಾರಾದ್ರೂ ಅಮ್ಮಾ ಅಂದ್ರೆ, ಒಳಗೆ ಬಾ ಅಂತ ಎದ್ದು ಹೋಗ್ತಿದ್ಲಂತೆ. ಹಂಗಾಗಿ ಆ ಪುಸ್ತಕ ಮತ್ತೆ ಯಾವತ್ತೂ ಮುಗೀಲೇ ಇಲ್ವಂತೆ. ನನ್ನ ಕತೆ ಮಾತ್ರ ಮುಗೀತು ನೋಡು. ಪುಟ್ಟೀ, ಹೂಂ ಅನ್ನೋದೇ ನಿಂತೋಯ್ತಲ್ಲ.